ಶಿರೋಳದ ದಡಿಯೂ ನನ್ನ ಪಟ್ಟಿಯೂ

ಮಾವನ ತಗಡಿನ ಡಬ್ಬಿಗೆ ನಿವೃತ್ತಿ ಕೊಡಬೇಕೆಂದು ತೀರ್ಮಾನಿಸಿದವನು ನಾನೇ. ಇದರಲ್ಲಿ ಬೇರೆ ಯಾರನ್ನೂ ಎಳೆಯುವುದಿಲ್ಲ.

ಮಾವ ಗಜೇಂದ್ರಗಡದಲ್ಲಿ ಕೈಮಗ್ಗದ ಸೀರೆ ನೇಯುತ್ತಾರೆ. ಸೀರೆ ನೇಯಲು ಹೇಳಿದವರು ಮಾದರಿಗೆ ಕೊಟ್ಟ ಬಟ್ಟೆಯ ತುಂಡುಗಳನ್ನು ಆ ಡಬ್ಬಿಯಲ್ಲಿಟ್ಟು, ಒಂದೊಂದಕ್ಕೂ ಊರಿನ ಹೆಸರಿನ ಚೀಟಿ ಕಟ್ಟುತ್ತಾರೆ. ಅವರ ಬಾಯಲ್ಲಿ ಗಿರಾಕಿಗಳಿಗೆ ಊರೇ ಹೆಸರು. ನಾನು ಕಂಪ್ಯೂಟರ್ ಕಲಿಸುವ ಮಾಸ್ತರ. ತುಂಡುಗಳ ಫೋಟೊ ತೆಗೆದು, ಊರಿಗೊಂದು ಫೋಲ್ಡರ್ ಮಾಡಿ, ಎಲ್ಲದರಲ್ಲೂ ಒಡಲು, ದಡಿ, ಸೆರಗು ಎಂಬ ಮೂರೇ ಹೆಸರಿನ ಫೈಲುಗಳನ್ನಿಟ್ಟೆ. ಒಡಲು ಅಂದರೆ ಸೀರೆಯ ಮೈ, ದಡಿ ಅಂದರೆ ಅಂಚು. ಊರಿನ ಹೆಸರು ಒತ್ತಿದರೆ ಫೈಲುಗಳ ಪಟ್ಟಿಯೂ ತಾರೀಖೂ ಬರುವಂಥ ಒಂದು ಪ್ರೋಗ್ರಾಂ ಬರೆಯಬೇಕು. ಅರ್ಧ ದಿನದ ಕೆಲಸ!

ಪಟ್ಟಿ ಬಂತು. ಪ್ರತಿ ಫೈಲಿನ ಮುಂದೆಯೂ ೧೯೭೦ರ ಜನವರಿ ಒಂದು ಎಂದಿತ್ತು. ತಾರೀಖು ಸಿಗದಿದ್ದಾಗ ಕಂಪ್ಯೂಟರ್ ತೋರಿಸುವ ತಾರೀಖು ಅದು.

ಹೆಂಡತಿ ಗಂಗಾ ಬಗ್ಗಿ ಓದಿದಳು. “ಆವಾಗ ನಮ್ಮಪ್ಪ ಚಡ್ಡಿ ಹಾಕ್ಕೊಂಡ ಸಾಲಿಗೆ ಹೋಗ್ತಿದ್ದ. ಈ ಫೋಟೊ ಯಾರ ತಗದಾರ್ರಿ?”

ತಾರೀಖು ಸಿಗದಿದ್ದರೆ ಇಂದಿನ ತಾರೀಖನ್ನೇ ತೋರಿಸು ಎಂದು ಒಂದು ಸಾಲು ಸೇರಿಸಿದೆ. ಪರದೆ ಶಾಂತವಾಯಿತು. ಮರುದಿನ ಎಲ್ಲ ಫೈಲುಗಳೂ ಒಂದು ದಿನ ಎಳೆಯವಾಗಿದ್ದವು. ಗಂಗಾ ಪರದೆ ನೋಡಿ, ಗೋಡೆಯ ಕ್ಯಾಲೆಂಡರನ್ನೂ ನೋಡಿದಳು.

ಅಷ್ಟರಲ್ಲಿ ಶಿರೋಳದ ಸೀರೆಯ ಸರದಿ ಬಂತು. ಶಿರೋಳದ ಹೆಣ್ಣುಮಗಳೊಬ್ಬಳು ತೀರಿಹೋದ ತನ್ನ ತಾಯಿಯ ಸೀರೆಯಿಂದ ಒಂದು ತುಂಡು ಕತ್ತರಿಸಿ ಕೊಟ್ಟಿದ್ದಳು. ಮದುವೆಯಲ್ಲಿ ಅಕ್ಷತೆಯ ಹೊತ್ತಿಗೆ ತನ್ನ ಮಗಳ ಮೈಮೇಲೆ ಅಜ್ಜಿಯ ದಡಿಯೇ ಇರಬೇಕು. ಅವಳು ಕೇಳಿದ್ದು ಅಷ್ಟೇ.

ನಾನು ಹಟ ಹಿಡಿದು ತಪ್ಪನ್ನು ಹುಡುಕಿದೆ. ಪ್ರೋಗ್ರಾಂ ಫೋಲ್ಡರಿನ ಹೆಸರು ಬಿಟ್ಟು ಬರೀ ಫೈಲಿನ ಹೆಸರು ಹಿಡಿದು ಹೊರಗಡೆ ಹುಡುಕುತ್ತಿತ್ತು. ಓಣಿ ಹೇಳದೆ ಮನೆ ಕೇಳಿದ ಹಾಗೆ. ಪರೀಕ್ಷೆಗೆಂದು ಲಕ್ಕಲಕಟ್ಟಿ ಎಂಬ ಇನ್ನೊಂದು ಊರಿನ ಫೋಲ್ಡರಿನ ದಾರಿಯನ್ನು ಪ್ರೋಗ್ರಾಮಿನೊಳಗೆ ಕೈಯಿಂದಲೇ ಬರೆದೆ. ತಾರೀಖುಗಳು ಸರಿಯಾಗಿ ಬಂದವು, ಫೋಟೊಗಳೂ ತೆರೆದವು. ಆ ಸಂತೋಷದಲ್ಲಿ ಎದ್ದು ಊಟಕ್ಕೆ ಹೋದೆ. ಬರೆದ ದಾರಿಯನ್ನು ಅಳಿಸಲಿಲ್ಲ.

ಅಂದರೆ ಯಾವ ಊರು ಒತ್ತಿದರೂ ಲಕ್ಕಲಕಟ್ಟಿಯೇ ತೆರೆಯುತ್ತಿತ್ತು. ಎಲ್ಲ ಊರಿನಲ್ಲೂ ಅವೇ ಮೂರು ಹೆಸರು, ಹಾಗಾಗಿ ಪಟ್ಟಿ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ಗಂಗಾ ಶಿರೋಳ ಒತ್ತಿ, ದಡಿಯ ಚಿತ್ರ ಅಚ್ಚು ತೆಗೆದು ಅಪ್ಪನಿಗೆ ಕೊಟ್ಟಳು. ಮಾವ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಅಳಿಯಂದಿರ, ಶಿರೋಳದ್ದು ಇದ ಹೌದ? ಡಬ್ಬಿ ಒಮ್ಮಿ ತಗದ ನೋಡ್ಲೇನು?”

“ಕಂಪ್ಯೂಟರ್ ತಪ್ಪ ಹೇಳೂದಿಲ್ರಿ, ಮಾವ” ಎಂದೆ.

ಈ ಮಾತನ್ನು ನಾನು ಆಡಿಲ್ಲ ಎಂದು ಹೇಳಬಹುದಿತ್ತು. ಆದರೆ ಗಂಗಾ ಅಲ್ಲೇ ನಿಂತಿದ್ದಳು.

ಮಾವ ಆ ಕಾಗದ ನೋಡಿಯೇ ಸೀರೆ ನೇದರು. ಮದುವೆಗೆ ನಾಲ್ಕು ದಿನವಿದೆ ಎನ್ನುವಾಗ ಶಿರೋಳದವಳು ಬಂದಳು. ಸೀರೆಯ ಮಡಿಕೆ ಬಿಚ್ಚಿ ದಡಿಯ ಮೇಲೆ ಬೆರಳಾಡಿಸಿದಳು. ಬೆರಳು ನಿಂತಿತು.

“ಭಾಳ ಚಲೋ ನೇದೀರಿ, ಕಾಕಾರ. ಆದರ ಇದು ನಮ್ಮವ್ವನ ದಡಿ ಅಲ್ರಿ.”

ಮಾವ ಅಟ್ಟದಿಂದ ಡಬ್ಬಿ ಇಳಿಸಿದರು. ತುಂಡು ಅಲ್ಲೇ ಇತ್ತು, ಚೀಟಿ ಸಮೇತ. ಮತ್ತೆ ಮಗ್ಗಕ್ಕೆ ಹಾಸು, ಅಂದರೆ ಉದ್ದದ ಎಳೆಗಳನ್ನು, ಹೂಡಿ ನೇಯಲು ನಾಲ್ಕು ದಿನ ಸಾಲದು. ಅದು ಅವಳಿಗೂ ಗೊತ್ತಿತ್ತು. ತುಂಡನ್ನು ಸೀರೆಯ ಮಡಿಕೆಯೊಳಗಿಟ್ಟು, ಎರಡನ್ನೂ ಎದೆಗವಚಿಕೊಂಡು ಹೋದಳು. ಬೈದು ಹೋಗಿದ್ದರೆ ಆ ರಾತ್ರಿ ನನಗೆ ಅನ್ನವಾದರೂ ಸೇರುತ್ತಿತ್ತು.

ಸಂಜೆ ಮಾವ ತಪ್ಪು ಎಲ್ಲಿತ್ತೆಂದು ಕೇಳಿದರು. ಲಕ್ಕಲಕಟ್ಟಿಯ ದಾರಿ ಅಳಿಸಿ, ಒತ್ತಿದ ಊರಿನ ಫೋಲ್ಡರಿನ ಹೆಸರನ್ನೂ ಫೈಲಿನ ಹೆಸರನ್ನೂ ಒಂದು ಓರೆ ಗೆರೆ ಹಾಕಿ ಜೋಡಿಸಬೇಕಿತ್ತು, ಈಗ ಜೋಡಿಸಿದ್ದೇನೆ ಎಂದೆ.

“ಒಂದ ಗೆರಿ?”

“ಹೌದ್ರಿ. ಒಂದ.”

ಅವರು ಆಗ ಮಗ್ಗದ ಮುಂದೆ ಕೂತು, ಮುಂದಿನ ಸೀರೆಯ ಒಡಲಿನ ಹಾಸಿನೊಂದಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಿದ್ದರು. ಎಷ್ಟು ಸಾವಿರ ಎಳೆಯೋ, ನನಗೆ ಗೊತ್ತಿಲ್ಲ. ನನ್ನನ್ನು ಒಮ್ಮೆ ನೋಡಿ, ಮತ್ತೆ ಎಳೆ ಹಿಡಿದರು.

ಡಬ್ಬಿ ಈಗ ಮರಳಿ ಕೆಲಸಕ್ಕೆ ಸೇರಿದೆ. ಚೀಟಿ ಬರೆಯುವವಳು ಗಂಗಾ, ಕಟ್ಟುವವರು ಮಾವ. ಮುಚ್ಚಳ ಹಾಕುವ ಜವಾಬ್ದಾರಿ ನನ್ನದು. ಹಾಕಿದ ಮೇಲೆ ಗಂಗಾ ಬಂದು ಒಮ್ಮೆ ಒತ್ತಿ ನೋಡುತ್ತಾಳೆ.