ಅಣು ಲಾರಿಯ ತಾಲೀಮು

ಊರಿನ ಲೆಕ್ಕಪತ್ರ ಬರೆಯುವ ಹಂಗಾಮಿ ತಲಾಠಿ ಹೊಳೆಪ್ಪನಿಗೆ ಗ್ರಹಚಾರ ವಕ್ಕರಿಸಿದ್ದು ಒಂದು ಖಾಲಿ ಪೀಪಾಯಿಯಿಂದ. ಮೊರಬದ ಆಚೆಯ ಆ ಹಳ್ಳಿಯ ರಸ್ತೆಯಲ್ಲಿ ಮುಂದೆ ಅಣು ಸಾಮಾನಿನ ಲಾರಿಗಳು ಹಾಯಲಿದ್ದವು. ಎಂದಾದರೂ ಲಾರಿ ಮಗುಚಿದರೆ ಜನ ಹತ್ತಿರ ಸುಳಿಯಬಾರದು ನೋಡಿ, ಅದಕ್ಕೊಂದು ತಾಲೀಮು. ಪೀಪಾಯಿ ಹೇರಿದ ಲಾರಿಯನ್ನು ಬೆಳಿಗ್ಗೆಯೇ ತಗ್ಗಿಗೆ ವಾಲಿಸಿ ಸುತ್ತ ಹಗ್ಗ ಕಟ್ಟಿದ್ದರು.

"ನಾ ತಿರುಗಿ ಬಂದಾಗ ಹಗ್ಗದ ಒಳಗ ಒಂದು ನರಪಿಳ್ಳಿ ಕಂಡ್ರೂ ನೌಕರಿ ಕಾಯಂ ಆಗೂದನ್ನ ಮರತುಬಿಡು," ಎಂದು ತಾಲೂಕು ಕಚೇರಿಯ ಸಾಹೇಬರು ಜೀಪು ಹತ್ತಿದ್ದರು. ಕಾಯಂ ಆಗದೆ ಮಗಳನ್ನು ಕೊಡುವುದಿಲ್ಲವೆಂದು ಕುಂದಗೋಳದ ಹೆಣ್ಣಿನಪ್ಪ ಮೊದಲೇ ಖಡಾಖಂಡಿತ ಹೇಳಿದ್ದ.

ಯಾರೂ ಬರಬೇಡಿ ಎಂದು ಡಂಗುರ ಹೊಡೆಸಿದ್ದೇ ತಪ್ಪಾಯಿತು. ಮೊದಲು ರೇವವ್ವ ಮಜ್ಜಿಗೆಯ ಗಡಿಗೆ ಹೊತ್ತು ಬಂದಳು.

"ಡ್ರೈವರಗ ಗಂಟಲಾ ಒಣಗಿರತೈತಿ ಪಾಪ."

"ಯಕ್ಕಾ, ಇದು ಸುಳ್ಳ ಅಪಘಾತ. ಡ್ರೈವರ ಚಾ ಕುಡ್ಯಾಕ ಹೋಗ್ಯಾನ."

"ಹಂಗಾದ್ರ ನೀನ ಕುಡಿ," ಎಂದು ಹಗ್ಗ ಎತ್ತಿ ಒಳಗೆ ಬಂದೇಬಿಟ್ಟಳು.

ಹಿಂದೆಯೇ ರಸೂಲಸಾಬ ಎತ್ತುಗಳನ್ನೂ ದಪ್ಪ ಮಿಣಿಹಗ್ಗವನ್ನೂ ತಂದ. ಎರೆಮಣ್ಣಿನಲ್ಲಿ ಹೂತ ಗಾಡಿಯನ್ನು ನೋಡಿಕೊಂಡು ಸುಮ್ಮನೆ ಹೋಗುವ ರೂಢಿ ಆ ಊರಿಗಿಲ್ಲ.

"ಕಾಕಾ, ಇದರಾಗಿನ ವಿಷಕ್ಕ ಬಣ್ಣಿಲ್ಲ, ವಾಸನಿ ಇಲ್ಲ, ಕಣ್ಣಿಗೂ ಕಾಣೂದಿಲ್ಲ," ಎಂದು ಹೊಳೆಪ್ಪ ಸಾಹೇಬರು ಕಲಿಸಿದ್ದನ್ನೆಲ್ಲ ಒದರಿದ.

"ಏನೂ ಇಲ್ಲಂದಮ್ಯಾಲ ಅಂಜಿಕಿ ಯಾಕೋ ತಮ್ಮಾ? ಬಾಜು ಸರಿ," ಎಂದು ರಸೂಲಸಾಬ ಲಾರಿಗೆ ಮಿಣಿ ಬಿಗಿದ.

ಊರ ಗಂಡಸರೆಲ್ಲ ಬಂದು ಹೆಗಲು ಕೊಟ್ಟರು. ಅಷ್ಟರಲ್ಲಿ ದೂರದಲ್ಲಿ ಜೀಪಿನ ಧೂಳೆದ್ದಿತು. ಹೊಳೆಪ್ಪನಿಗೆ ಮದುವೆಯಲ್ಲಿ ಕಟ್ಟಿಕೊಳ್ಳಬೇಕಿದ್ದ ಬಾಸಿಂಗ ಕಣ್ಣೆದುರೇ ಕಳಚಿ ಬಿದ್ದಂತಾಯಿತು.

"ಆ ಜೀಪಿನ್ಯಾಗ ಡಾಕ್ಟರ ಬರಾಕತ್ತಾನ್ರಿ," ಎಂದುಬಿಟ್ಟ. "ಗಂಡಸರನ್ನ ಹಿಡದು ಮಕ್ಕಳಾಗದಂಗ ಆಪರೇಷನ್ ಮಾಡತಾನಂತ."

ಅಣುವಿಗೆ ಅಂಜದ ಊರು ಗುಬ್ಬಿಯ ಹಿಂಡಿನಂತೆ ಚದುರಿತು. ರಸೂಲಸಾಬ ಮಿಣಿ ಕಳಚಿ ಎತ್ತುಗಳೊಂದಿಗೇ ಓಡಿದ. ಮೊಮ್ಮಕ್ಕಳನ್ನು ಕಂಡ ಮಡಿವಾಳೆಪ್ಪಜ್ಜನೂ ಧೋತರ ಎತ್ತಿಕೊಂಡು ಜೋಳದ ಹೊಲಕ್ಕೆ ಬಿದ್ದ. ರೇವವ್ವ ಮಾತ್ರ ನಗುತ್ತ ಗಡಿಗೆ ಹೊತ್ತು ನಿಧಾನಕ್ಕೆ ಹೋದಳು.

ಸಾಹೇಬರು ಇಳಿದು ನೋಡಿದರೆ ಒಂದು ಕಾಗೆಯೂ ಇಲ್ಲ. ಖುಷಿಯಿಂದ ಅರಳಿಬಿಟ್ಟರು.

"ಭೇಷ್. ಇಷ್ಟು ಲಗೂನ ಹ್ಯಾಂಗ ಖಾಲಿ ಮಾಡಿಸಿದಿ?"

"ಮಂದಿ ನನ್ನ ಮಾತು ಅಗದಿ ಕೇಳತಾರ್ರಿ," ಎಂದು ಹೊಳೆಪ್ಪ ಎದೆಯುಬ್ಬಿಸಿದ.

"ಹೌದ? ಹಂಗಾದ್ರ ಮುಂದಿನ ವಾರ ಕುಟುಂಬ ಯೋಜನಿ ಕ್ಯಾಂಪ ಇಲ್ಲೇ ಇಡೂಣು. ಗಂಡಸರನ್ನ ಕರಕೊಂಡು ಬರೂ ಕೆಲಸ ನಿಂದು. ಯಾರೂ ಬರಲಿಲ್ಲಂದ್ರ ಮೊದಲ ನೀನ ಮಲಕೋ, ಊರಿಗೆ ಧೈರ್ಯ ಬರತೈತಿ. ಅದು ಮುಗೀತಂದ್ರ ನಿನ್ನ ಕಾಯಂ ಆರ್ಡರು."

"ಸಾಹೇಬ್ರ, ನಂದಿನ್ನೂ ಲಗ್ನ ಆಗಿಲ್ರಿ."

"ಅದಕ್ಕೇನ ಅವಸರ?" ಸಾಹೇಬರು ಬೆನ್ನು ತಟ್ಟಿದರು. "ಮೊದಲ ನೌಕರಿ ಕಾಯಂ ಆಗಲಿ."