ಸ್ಕೂಟರಿನೊಳಗಿನ ಬಿಳಿ ಗೆರೆ

ಬೆಳಗಿನ ಚಹಾ ಮುಗಿಯುವ ತನಕ ಸಂಜೀವಕುಮಾರನ ಬಲಗಾಲು ಚೆನ್ನಾಗಿಯೇ ಇತ್ತು. ಚಹಾ ಕುಡಿದು ಸ್ಕೂಟರಿಗೆ ಕಿಕ್ ಹೊಡೆದ. ಸ್ಕೂಟರು ತಿರುಗಿ ಅವನಿಗೇ ಒದೆಯಿತು. “ಅಯ್ಯೋ ಯವ್ವಾ!” ಎಂದು ಅವನು ಕೂಗಿದ ಕೂಗಿಗೆ ತಾಂಡೂರಿನ ಆ ಗಲ್ಲಿಯ ಪಾರಿವಾಳಗಳೆಲ್ಲ ಹಾರಿಹೋದವು.

ತಪ್ಪು ಅವನದೇ. ಸ್ಕೂಟರು ಜಹೀರಾಬಾದಿನ ಮಾವ ಮನ್ಮಥಪ್ಪನವರು ಮದುವೆಯಲ್ಲಿ ಕೊಟ್ಟ ಹಳೇ ಗಾಡಿ. ಕೊಟ್ಟದ್ದೇನೋ ಹೌದು, ಕಣ್ಣು ಮಾತ್ರ ಇನ್ನೂ ಅದರ ಮೇಲೆಯೇ ಇತ್ತು. ಹೋದ ಸಲ ಬಂದಾಗ ಸ್ಟೇಷನ್ ಹತ್ತಿರದ ದಿಬ್ಬ ಏರಲಾರದೆ ಅದು ಏದುಸಿರು ಬಿಟ್ಟಿತ್ತು, ಮಾವನವರು ಇಳಿದು ನಡೆದಿದ್ದರು. “ಅಳ್ಯಾರ, ನನ್ ಕೈಯಾಗ ಇದು ಕುದುರಿ ಇತ್ತು. ಜ್ವಾಪಾನ ಮಾಡಾಕ ಆಗ್ಲಿಲ್ಲಂದ್ರ ಹೇಳ್ರಿ, ನಾರಾಯಣಖೇಡದ ಅಳ್ಯಾರಿಗಿ ಕೊಡ್ತೀನಿ” ಎಂದಿದ್ದರು.

ಇವತ್ತು ಮಾವನವರು ಮತ್ತೆ ಬರುವವರಿದ್ದರು. ಸ್ಕೂಟರು ಹೋದರೆ ತಾನು ದುಡಿಯುವ ತೊಗರಿ ಅಡತಿ ಅಂಗಡಿಗೆ ನಡೆದೇ ಹೋದಾನು, ಆದರೆ ನಾರಾಯಣಖೇಡದ ಆ ಷಡ್ಡಕನ ನಗುವನ್ನು ಹೇಗೆ ತಡೆದಾನು? ಅಡತಿಯಲ್ಲಿ ಯಾರೋ “ಕಿಡಿ ತಡಾ ಮಾಡಿ ಬರಾಕತ್ತದ, ಟೈಮಿಂಗ್ ಮುಂದ ಮಾಡ್ರಿ” ಎಂದಿದ್ದನ್ನು ನಂಬಿ, ನಿನ್ನೆ ಸಂಜೆ ತಾನೇ ಎಂಜಿನ್ನಿನ ಚಕ್ರ ಬಿಚ್ಚಿದ್ದ. ಒಳಗೆ, ಕಿಡಿಯ ಹೊತ್ತು ಗೊತ್ತುಮಾಡುವ ಪ್ಲೇಟಿನ ಮೇಲೆ ಒಂದು ಬಿಳಿ ಗೆರೆ ಕಂಡಿತು. ಮಿಸ್ತ್ರಿ ಹಾಕಿದ ಗುರುತೆಂದು, ಎಂಜಿನ್ನಿನ ಮೇಲಿನ ಗೀರಿಗೆ ಆ ಗೆರೆ ಕೂಡುವಂತೆ ಪ್ಲೇಟು ತಿರುಗಿಸಿ ಬಿಗಿದಿದ್ದ.

“ಈಗ ಕಿಡಿ ಬಾಳ ಮೊದ್ಲ ಬರಾಕತ್ತದ,” ಎಂದರು ಎದುರು ಮನೆಯ ಖಂಡೆಪ್ಪ ಕಾಕಾ, ಬಸ್ಸು ಓಡಿಸಿ ನಿವೃತ್ತರಾದವರು. “ಮದುವಿಗಿ ಒಂದ್ ತಾಸು ಮೊದ್ಲ ಹೋದ್ರ ಮರ್ಯಾದಿ. ವಾರಾ ಮೊದ್ಲೇ ಹೋಗಿ ಕುಂತ್ರ ಒದ್ದು ಹೊರಗ ಹಾಕ್ತಾರ. ಕಿಡೀದೂ ಅದೇ ಕತಿ. ಹಿಂದಕ ತಿರುಗ್ಸು.”

“ಹಿಂದಕ ಅಲ್ರೀ, ಇನ್ನೂ ಮುಂದಕ!” ಪಕ್ಕದ ಮನೆಯ ದೇವಿದಾಸ ನಟ್ಟು ತಿರುಗಿಸುವ ಪಾನಾ ಹಿಡಿದುಕೊಂಡೇ ಬಂದ.

“ನೀ ಪಾಲಿಶ್ ಮಷೀನ್ದಾಗ ಕಲ್ಲು ತಿಕ್ಕಾವ. ನಿನಗೇನ್ ಗೊತ್ತೋ?”

“ನೀವು ಓಡ್ಸಿದ್ದು ಡೀಜಲ್ ಬಸ್ಸು ಕಾಕಾ. ಅದ್ರಾಗ ಕಿಡಿ ಎಲ್ಲಿತ್ತು?”

ಕಾಕಾನ ಮುಖ ಕೆಂಪಾಯಿತು. ಮೊದಲು ಅವರ ಮಾತಿನಂತೆ ಹಿಂದಕ್ಕೆ ತಿರುಗಿಸಿದರು. ಸೈಲೆನ್ಸರು ಢಂ ಎಂದಿತು. ಮೇಲ್ಮನೆಯ ಮಹಾನಂದಾಬಾಯಿ ಒಣಹಾಕುತ್ತಿದ್ದ ಹಪ್ಪಳಗಳೆಲ್ಲ ಗಲ್ಲಿಗೆ ಬಿದ್ದವು, ಹಿಂದೆಯೇ ಬೈಗುಳವೂ ಬಂತು. ಆಮೇಲೆ ದೇವಿದಾಸನ ಮಾತಿನಂತೆ ಮುಂದಕ್ಕೆ ತಿರುಗಿಸಿದರು. ಈ ಸಲ ಒದೆ ತಿಂದವನು ದೇವಿದಾಸ. ಸಂಜೀವಕುಮಾರನಂತೂ ಗಲ್ಲಿಯ ತುದಿಯಲ್ಲಿ ಹಾರನ್ ಕೇಳಿದರೂ ಮಾವನೇ ಬಂದರೆಂದು ಬೆಚ್ಚುತ್ತಿದ್ದ.

ಹೆಂಡತಿ ಬಸವೇಶ್ವರಿ ಮಾತ್ರ ಬಾಗಿಲಲ್ಲಿ ಆರಾಮಾಗಿ ನಿಂತಿದ್ದಳು. “ಬಿಡ್ರೀ, ಇವತ್ತೊಂದಿನ ಅದನ್ನ ಮುಟ್ಟಬ್ಯಾಡ್ರಿ.”

“ನಿಮ್ಮಪ್ಪ ನೋಡಿದ್ರ ನನ್ನ ಮಾನ ಹೋಗ್ತದ!”

“ನೋಡ್ಲಿ ಬಿಡ್ರಿ. ಚೊಲೋನೇ ಆಗ್ತದ,” ಎಂದು ಕಣ್ಣು ಮಿಟುಕಿಸಿದಳು. ಕಣ್ಣಿಗೆ ಧೂಳು ಬಿದ್ದಿರಬೇಕು ಎಂದುಕೊಂಡ ಅವನು.

“ನಾ ಬರೋಬರಿ ಗೆರಿಗೇ ಕೂಡ್ಸಿದ್ದೆ ಕಾಕಾ, ನೋಡ್ರಿ ಇಲ್ಲಿ,” ಎಂದು ಚಕ್ರ ಮತ್ತೆ ಬಿಚ್ಚಿ, ಬಿಳಿ ಗೆರೆಯ ಮೇಲೆ ಎಣ್ಣೆಗೈ ಇಟ್ಟ.

“ಅಯ್ಯ ಶಿವನ! ಎಣ್ಣಿ ಕೈ ಹಚ್ಚಬ್ಯಾಡ್ರೀ! ದಸರಾಕ್ಕ ಎಲ್ಲಾ ಬಿಚ್ಚಿ ತೊಳದಾಗ ನಾ ಹಚ್ಚಿದ ಈಭೂತಿ ಅದು!” ಎಂದ ಬಸವೇಶ್ವರಿ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು.

ಮೂರು ಬೆರಳಿನಿಂದ ಎಳೆದ ವಿಭೂತಿಯಲ್ಲಿ ಎರಡು ಗೆರೆ ಅಳಿಸಿ ಒಂದು ಉಳಿದಿತ್ತು, ಅದನ್ನೇ ಇವನು ಟೈಮಿಂಗಿನ ಗುರುತು ಮಾಡಿಕೊಂಡಿದ್ದ! ಖಂಡೆಪ್ಪ ಕಾಕಾ ಧೋತರದ ತುದಿಯಿಂದ ಪ್ಲೇಟು ಒರೆಸಿದರು. ಸ್ವಲ್ಪ ಆಚೆಗೆ, ಜಿಡ್ಡಿನ ಕೆಳಗೆ, ಮಿಸ್ತ್ರಿ ಉಳಿಯಿಂದ ಕೊರೆದ ನಿಜವಾದ ಗುರುತು ಕಂಡಿತು. ಆ ಗುರುತನ್ನು ಎಂಜಿನ್ನಿನ ಗೀರಿಗೆ ಕೂಡಿಸಿ ಪ್ಲೇಟು ಬಿಗಿದರು. ಸಂಜೀವಕುಮಾರ ಹೆದರುತ್ತಲೇ ಕಾಲಿಟ್ಟ. ಒಂದೇ ಕಿಕ್ಕಿಗೆ ಸ್ಕೂಟರು ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ಬಸವೇಶ್ವರಿ ಹಣೆ ಹಣೆ ಬಡಿದುಕೊಂಡಳು.

ಅಷ್ಟರಲ್ಲಿ ಮನ್ಮಥಪ್ಪನವರು ಬಂದೇಬಿಟ್ಟರು. ಬಸ್ಸಿನಲ್ಲಿ ಅಲ್ಲ, ಮಿರಿಮಿರಿ ಮಿಂಚುವ ಸ್ಕೂಟರಿನ ಮೇಲೆ. ಸಂಜೀವಕುಮಾರ ಅದರತ್ತ ಕಣ್ಣು ಕೂಡ ಹಾಯಿಸಲಿಲ್ಲ. “ಮಾವಾರ, ಮೊದ್ಲ ಇದನ್ನ ಹತ್ರಿ!”

ಮಾವನವರು ಹತ್ತಿದರು. ಸ್ಟೇಷನ್ ದಿಬ್ಬ ಏರಿಳಿದು, ಮುಖ ಅರಳಿಸಿಕೊಂಡು ಬಂದರು. “ಶಭಾಷ್ ಅಳ್ಯಾರ! ಗಾಡಿ ಸತ್ತದ, ದಿಬ್ಬಾ ಹತ್ತಂಗಿಲ್ಲ ಅಂತ ಬಸವಿ ಫೋನ್ದಾಗ ಅತ್ತಿದ್ಲು. ನಿಮಗ ಹೇಳಬ್ಯಾಡ ಅಂತ ಆಕಿಗಿ ಹೇಳಿ, ನಿಮಗಂತ ಹೊಸಾದು ತಂದಿದ್ದೆ ನಾ. ಇಂಥಾ ಕುದುರಿ ಇರಾಗ ನಿಮಗ್ಯಾಕ? ನಾರಾಯಣಖೇಡದ ಅಳ್ಯಾರಿಗಿ ಕೊಟ್ಟು ಬರ್ತೀನಿ.”

ಆಗ ಕಂಡಿತು ಅವನಿಗೆ, ಹೊಸ ಸ್ಕೂಟರಿನ ಹ್ಯಾಂಡಲ್ಲಿನ ಚೆಂಡುಹೂವಿನ ಹಾರ. ಹೆಂಡತಿಯ ಕಣ್ಣಿಗೆ ಬಿದ್ದದ್ದು ಧೂಳಲ್ಲ ಎಂಬುದೂ ಆಗಲೇ ಗೊತ್ತಾಯಿತು. ಮಾವನವರು ಒಂದರ್ಧ ತಾಸು ಮೊದಲು ಬಂದಿದ್ದರೆ!

“ಇಲ್ರೀ ಮಾವಾರ, ಇದು ಒದೀತದ! ದೇವಿದಾಸನ ಕಾಲು ನೋಡ್ರಿ ಬೇಕಾದ್ರ!”

ದೇವಿದಾಸ ಕುಂಟುವ ಕಾಲನ್ನು ಹಿಂದಕ್ಕೆ ಎಳೆದುಕೊಂಡ. “ಈಗೆಲ್ಲಿ ಒದೀತದ? ನಾ ಏಕ್ದಮ್ ರಿಪೇರಿ ಮಾಡೀನಲ್ರೀ!”

“ನೋಡ್ರಿಲ್ಲಿ!” ಸಂಜೀವಕುಮಾರ ಎಂಜಿನ್ ಬಂದ್ ಮಾಡಿ, ಬಾತಿದ್ದ ಕಾಲನ್ನೇ ಕಿಕ್ಕಿನ ಮೇಲಿಟ್ಟು ಕಣ್ಣು ಮುಚ್ಚಿದ. ಶಿವನೇ, ಒಂದೇ ಒಂದು ಸಲ ಒದಿಸಪ್ಪಾ ಎಂದು ಬೇಡಿಕೊಂಡು ಮೈಭಾರವನ್ನೆಲ್ಲ ಹಾಕಿ ಒತ್ತಿದ.

ಸ್ಕೂಟರು ಮೆತ್ತಗೆ ಸುರುವಾಯಿತು.