ಕೆಮ್ಮಿನ ತಾಲೀಮು

ಬೆಲ್ಲದ ಅಂಗಡಿಯಲ್ಲಿ ಕೆಲಸ ಮಾಡುವವನು ಸ್ವಲ್ಪ ಮೈ ತುಂಬಿಕೊಂಡರೆ, ಅಂಗಡಿಯ ಬೆಲ್ಲ ತಿಂದು ಹೀಗಾಗಿದ್ದಾನೆ ಎನ್ನುತ್ತಾರೆ. ಸೊರಗಿದರೆ, ತಾನು ತಿನ್ನದೆ ಎಲ್ಲವನ್ನೂ ಮನೆಗೆ ಸಾಗಿಸುತ್ತಿದ್ದಾನೆ ಎನ್ನುತ್ತಾರೆ. ಇದ್ದ ಹಾಗೇ ಇದ್ದರೆ, ಭಾರಿ ಪಕ್ಕಾ ಆಸಾಮಿ, ಗುರುತು ಸಿಗದ ಹಾಗೆ ತಿನ್ನುತ್ತಾನೆ ಎನ್ನುತ್ತಾರೆ. ಹೀಗೆ ಅನ್ನುವವರನ್ನು ನಾನು ಬೈಯುವ ಹಾಗಿಲ್ಲ, ಏಕೆಂದರೆ ಅನ್ನುವವರ ಸಾಲಿನಲ್ಲಿ ನಾನೂ ಇದ್ದೇನೆ. ಹುಟ್ಟಿನಿಂದಲೇ ನನ್ನದು ಅನುಮಾನದ ಜಾಯಮಾನ. ಹಾಲಿನವನು ಗಟ್ಟಿ ಹಾಲು ತಂದರೆ, ಇವತ್ತು ಇವನು ಯಾಕೆ ನೀರು ಬೆರೆಸಲಿಲ್ಲ ಎಂದು ಯೋಚನೆಗೆ ಬೀಳುತ್ತೇನೆ. ಬಸ್ಸಿನಲ್ಲಿ ಯಾರಾದರೂ ತಾವಾಗಿ ಎದ್ದು ಜಾಗ ಕೊಟ್ಟರೆ, ಕೂರುವ ಮೊದಲು ಸೀಟು ಮುಟ್ಟಿ ನೋಡುತ್ತೇನೆ. ಹೆಣ್ಣು ನೋಡಲು ಹೋದ ದಿನ ಚಹಾದ ಕಪ್ಪನ್ನು ಎತ್ತಿ ಅದರ ತಳವನ್ನೂ ನೋಡಿದ್ದೆನೆಂದು ನನ್ನ ಹೆಂಡತಿ ಸುನೀತಾ ಇವತ್ತಿಗೂ ಬಂದವರ ಮುಂದೆಲ್ಲ ಹೇಳುತ್ತಾಳೆ. ನೋಡಿದ್ದು ನಿಜ. ಕಪ್ಪು ಸೋರುತ್ತಿತ್ತು ಎಂಬುದನ್ನು ಮಾತ್ರ ಅವಳು ಹೇಳುವುದಿಲ್ಲ.

ಇಂಥ ನನ್ನ ಸೊಂಟದಲ್ಲಿ ಬಹಳ ವರ್ಷ ಬೀದರದ ಒಂದು ತಂಬಾಕಿನ ಗೋದಾಮಿನ ಕೀಲಿ ತೂಗಾಡುತ್ತಿತ್ತು. ಗೋದಾಮು ಹಮೀದ್ ಸೇಠರದು. ಹಳೇ ಊರಿನಲ್ಲಿ ಮುಂದೆ ಅಂಗಡಿ, ಹಿಂದೆ ಗೋದಾಮು. ಬೀಡಿಯ ಪೆಟ್ಟಿಗೆಗಳು, ಜರ್ದಾದ ಚೀಲಗಳು, ಔರಾದ ಕಡೆಯ ಮುದುಕ ಮುದುಕಿಯರು ಸೇದುವ ಚುಟ್ಟಾದ ಕಟ್ಟುಗಳು, ಎಲ್ಲವೂ ಅಲ್ಲಿದ್ದವು. ಸೇಠರ ಗಾದಿಯ ಪಕ್ಕದಲ್ಲಿ ಒಂದು ಗಾಜಿನ ಕಪಾಟು. ಅದರಲ್ಲಿ ಮಾತ್ರ ದೊಡ್ಡವರು ಸೇದುವ ದಪ್ಪ ಸಿಗಾರುಗಳು, ಮದುವೆ ಮನೆಯ ಅಳಿಯಂದಿರ ಹಾಗೆ, ಒಂದೊಂದೂ ತನ್ನದೇ ಜರಿಯ ಪಟ್ಟಿ ಸುತ್ತಿಕೊಂಡು ಮಲಗಿರುತ್ತಿದ್ದವು. ವಾರಕ್ಕೆರಡು ಸಲ ಟೆಂಪೊದಲ್ಲಿ ಭಾಲ್ಕಿ, ಔರಾದ ಸುತ್ತಿ ಅಂಗಡಿಗಳಿಗೆ ಮಾಲು ಹಾಕಿ ಬರುವುದೂ ನನ್ನ ಕೆಲಸವೇ. ಇಷ್ಟೆಲ್ಲ ಇದ್ದರೂ ನಾನು ಒಂದು ಬೀಡಿಯನ್ನೂ ಸೇದಿದವನಲ್ಲ. ಸೇಠರಲ್ಲಿ ಯಾರೂ ಸೇದುವಂತಿರಲಿಲ್ಲ. ಬೆಂಕಿಯ ಹೆದರಿಕೆ ಒಂದು. ರುಚಿ ಹತ್ತಿದ ಬೆಕ್ಕಿನ ಕೈಗೆ ಹಾಲಿನ ಗಡಿಗೆ ಕೊಡಬಾರದೆಂಬುದು ಇನ್ನೊಂದು. ಆ ನಿಯಮ ನನಗೆ ಪೂರಾ ಒಪ್ಪಿಗೆಯಾಗಿತ್ತು.

ಕೆಲಸ ಬಿಡಬೇಕಾಗಿ ಬಂದದ್ದು ನನ್ನ ಮಗಳಿಂದ. ಅವಳ ಶಾಲೆಯಲ್ಲಿ ತಂಬಾಕು ವಿರೋಧಿ ಚಿತ್ರಸ್ಪರ್ಧೆ ನಡೆದು ಅವಳಿಗೆ ಮೊದಲ ಬಹುಮಾನ ಬಂತು. ಹೆಮ್ಮೆಯಿಂದ ನೋಡಲು ಹೋದೆ. ತಂಬಾಕಿನ ರಾಕ್ಷಸನೊಬ್ಬ ಊರನ್ನೆಲ್ಲ ನುಂಗುತ್ತಿದ್ದ. ರಾಕ್ಷಸನಿಗೆ ಥೇಟು ನನ್ನದೇ ಮೀಸೆ, ಸೊಂಟದಲ್ಲಿ ಕೀಲಿ ಗೊಂಚಲು. ಹೆಡ್‌ಮಾಸ್ತರರು ಚಿತ್ರ ನೋಡಿ, ನನ್ನನ್ನು ನೋಡಿ, ಮತ್ತೆ ಚಿತ್ರ ನೋಡಿದರು. ಅವತ್ತು ರಾತ್ರಿಯ ಊಟಕ್ಕೆ ಕೂತಾಗ, ಭಾಲ್ಕಿಯಲ್ಲಿ ತನ್ನ ತವರಿನ ಪರಿಚಯದ ಪಾಟೀಲರ ತೊಗರಿಬೇಳೆ ಮಿಲ್ಲಿಗೆ ಉಗ್ರಾಣ ನೋಡುವವರು ಬೇಕಾಗಿದೆ ಎಂದು ಸುನೀತಾ ಹೇಳಿದಳು. ಪಾಟೀಲರು ನನ್ನನ್ನು ಕರೆಸಿ ಮಾತಾಡಿಸಿ ಒಪ್ಪಿದರು. ಒಂದೇ ಮಾತು ಇಟ್ಟರು: ಹಮೀದ್ ಸೇಠರು ತಮ್ಮ ಬಾಯಿಂದ ಈ ಮನುಷ್ಯ ಸಾಫ್ ಎಂದು ಹೇಳಬೇಕು, ಆಮೇಲೆ ಮಿಲ್ಲಿನ ಕೀಲಿ ನನ್ನದು. ಸೇಠರು ಹೇಳದಿದ್ದರೆ ಬೇಳೆಯೂ ಇಲ್ಲ, ತಂಬಾಕೂ ಇಲ್ಲ. ನಾನು ಆಗಲೇ ಸೇಠರಿಗೆ ಕೆಲಸ ಬಿಡುವುದಾಗಿ ಹೇಳಿಬಿಟ್ಟಿದ್ದೆ.

ಅಲ್ಲಿಂದ ನನ್ನ ನಿದ್ದೆ ಹಾರಿತು. ಏಕೆಂದರೆ ಸೇಠರ ಅಂಗಡಿಯಲ್ಲಿ ಒಂದು ರಿವಾಜು ಇತ್ತು. ಕೆಲಸ ಬಿಟ್ಟು ಹೋಗುವವನಿಗೆ ಕೊನೆಯ ದಿನ ಎಲ್ಲರೆದುರು ಚಹಾ ಕುಡಿಸಿ, ಸೇಠರು ಗಾಜಿನ ಕಪಾಟಿನಿಂದ ಒಂದು ಸಿಗಾರು ತೆಗೆದು, ತಾವೇ ಕಡ್ಡಿ ಗೀರಿ ಸೇದಿಸುತ್ತಿದ್ದರು. ಸೇದುವಾಗ ಅವನ ಮುಖವನ್ನೇ ನೋಡುತ್ತಿದ್ದರು. ಯಾಕೆಂದು ಯಾರೂ ಕೇಳಿದವರಿಲ್ಲ, ಅವರೂ ಹೇಳಿದವರಲ್ಲ. ಆದರೆ ನಾನು ಇಬ್ಬರ ಬೀಳ್ಕೊಡುಗೆ ಕಣ್ಣಾರೆ ಕಂಡಿದ್ದೆ. ಮೊದಲನೆಯವನು ಕಮಠಾಣದ ಶಂಕರ, ತೂಕ ನೋಡುತ್ತಿದ್ದವನು. ಒಂದೇ ದಮ್ಮಿಗೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡ. ಸೇಠರು ನಕ್ಕು ಬೆನ್ನು ತಟ್ಟಿದರು. ಮರುದಿನ ಗೋದಾಮಿಗೆ ಹೊಸ ಬೀಗ ಬಂತು. ಹಳೆಯದಕ್ಕೆ ಹೇಗೂ ತುಕ್ಕು ಹಿಡಿದಿತ್ತು. ಎರಡನೆಯವನು ಕಮಲನಗರದ ಮಾಧವ, ಟೆಂಪೊ ಡ್ರೈವರ್. ಅವನು ಚಹಾ ಕುಡಿದಷ್ಟೇ ನಿರಾಳವಾಗಿ ಅರ್ಧ ಸಿಗಾರು ಸೇದಿ ಕೈ ಮುಗಿದ. ಸೇಠರು ನಗಲಿಲ್ಲ. "ಅಚ್ಛಾ" ಎಂದಷ್ಟೇ ಹೇಳಿ ಒಳಗೆ ಹೋದರು. ಮುಂದೆ ಅವನ ಮಗಳ ಮದುವೆಗೆ ಸೇಠರು ಕಮಲನಗರದವರೆಗೂ ಹೋಗಿದ್ದರು. ಅವನು ಎಂಥ ಮನೆ ಕಟ್ಟಿಸಿದ್ದಾನೆ ಎಂದು ನೋಡಿ ಬರಲು ಹೋದರೆಂದು ನಾನು ಲೆಕ್ಕ ಹಾಕಿದೆ. ಅರ್ಥ ಸ್ಪಷ್ಟವಾಗಿತ್ತು. ಕೆಮ್ಮಿದವನು ತಂಬಾಕು ಮುಟ್ಟದವನು, ಸಾಫ್. ಕೆಮ್ಮದವನು ಕದ್ದು ಸೇದಿ ಪಳಗಿದವನು. ಇದಕ್ಕಿಂತ ಬೇರೆ ಅರ್ಥ ಇರಲು ಸಾಧ್ಯವೇ ಇಲ್ಲವೆಂದು ನನಗೆ ಅನ್ನಿಸಿತು.

ಎಂದೂ ಸೇದದ ನನಗೆ ಕೆಮ್ಮು ಬಂದೇ ಬರುತ್ತದೆ, ಚಿಂತೆ ಏಕೆ ಎಂದು ಬೇರೆಯವರಾದರೆ ಸುಮ್ಮನಿರುತ್ತಿದ್ದರು. ನನ್ನದು ಅನುಮಾನದ ಜೀವ. ಒಂದು ಸಲ ಪರೀಕ್ಷೆ ಮಾಡಿಬಿಡೋಣ ಎಂದುಕೊಂಡೆ. ಬೀದರದಲ್ಲಿ ಸೇದಿದರೆ ಸುದ್ದಿ ಹಬ್ಬುತ್ತದೆ. ಹಾಗಾಗಿ ಔರಾದ ಕಡೆ ಮಾಲು ಹಾಕಲು ಹೋದ ದಿನ, ಬಸ್ ಸ್ಟ್ಯಾಂಡಿನ ಆಚೆ ಕಿರಾಣಿ ಅಂಗಡಿ ಇಟ್ಟಿರುವ ರುಕ್ಮಾಬಾಯಿ ಎಂಬ ಮುದುಕಿಯ ಹತ್ತಿರ ಒಂದು ಚುಟ್ಟಾ ಕೊಂಡೆ. ನಾನೇ ತಂದು ಹಾಕಿದ ಚುಟ್ಟಾವನ್ನು ನಾನೇ ರೊಕ್ಕ ಕೊಟ್ಟು ಕೊಳ್ಳುವುದನ್ನು ಕಂಡು ಮುದುಕಿ ಕಟ್ಟನ್ನು ಬಿಚ್ಚಿ ಎಣಿಸತೊಡಗಿದಳು. ಬೇವಿನ ಮರದ ಮರೆಯಲ್ಲಿ ನಿಂತು ಹಚ್ಚಿದೆ. ಹಸಿ ಸಗಣಿಯ ಕುಳ್ಳು ಉರಿದಂಥ ವಾಸನೆ. ಉಸಿರು ಬಿಗಿಹಿಡಿದು ಎಳೆದೆ. ಬಾಯಿ ಕಹಿಯಾಯಿತು, ಕಣ್ಣು ಉರಿಯಿತು, ತಲೆ ಗಿರ್ರೆಂದಿತು. ಕೆಮ್ಮು ಮಾತ್ರ ಬರಲಿಲ್ಲ. ಇನ್ನೊಮ್ಮೆ ಎಳೆದೆ. ಗಂಟಲು ಸೇಠರ ಗಲ್ಲಾಪೆಟ್ಟಿಗೆಯಷ್ಟೇ ಗಟ್ಟಿಯಾಗಿ ಕೂತಿತ್ತು. ರುಕ್ಮಾಬಾಯಿ ಅಂಗಡಿಯಿಂದಲೇ ಇಣುಕಿ ನೋಡಿ, "ಹಳೇ ಗಿರಾಕಿ ಇದ್ದಂಗ ಸೇದ್ತೀರಲ್ರಿ" ಎಂದಳು. ಉಳಿದ ಚುಟ್ಟಾವನ್ನು ಅಲ್ಲೇ ಹೊಸಕಿ ಟೆಂಪೊ ಹತ್ತಿದೆ.

ಚುಟ್ಟಾ ನಾಟಿ ಸರಕು, ಅದನ್ನು ನಂಬಬಾರದು ಎಂದು ಸಮಾಧಾನ ಮಾಡಿಕೊಂಡು ಮುಂದಿನ ಸಲ ಭಾಲ್ಕಿಯಲ್ಲಿ ಗುಂಡಪ್ಪನ ಪಾನ್ ಅಂಗಡಿಗೆ ಹೋದೆ. ತಮಿಳುನಾಡಿನ ಕಡೆಯ ಗಿಡ್ಡ ಚುರುಟು ಒಂದು, ಹೈದರಾಬಾದಿನಿಂದ ಬರುವ ವೆನಿಲಾ ವಾಸನೆಯ ತೆಳು ಸಿಗಾರು ಒಂದು, ಪರದೇಶದ್ದೆಂದು ಹೇಳುವ ದಪ್ಪನೆಯದೊಂದು, ಮೂರನ್ನೂ ಅಂಗಡಿ ದರಕ್ಕೇ ಕೊಂಡೆ. ಸೇಠರ ಕಪಾಟಿನ ಕೀಲಿ ನನ್ನ ಸೊಂಟದಲ್ಲೇ ಇತ್ತು. ಅಲ್ಲಿಂದ ಒಂದನ್ನು ತೆಗೆಯುವ ಯೋಚನೆ ಕನಸಿನಲ್ಲೂ ಬರಲಿಲ್ಲ. ಗುಂಡಪ್ಪ ಮಾತ್ರ ನನ್ನನ್ನೇ ದಿಟ್ಟಿಸಿದ. ಸೇಠರು ಹಳೇ ಮಾಲಿನ ತಪಾಸಣೆಗೆ ಕಳಿಸಿದ್ದಾರೋ ಎಂದು ಬಾಯಿಬಿಟ್ಟೇ ಕೇಳಿದ. ಇಲ್ಲಪ್ಪ, ಹೀಗೇ ಸುಮ್ಮನೆ ಎಂದೆ. ಸುಮ್ಮನೆ ಎಂದು ಹೇಳುವವರನ್ನು ನಾನೇ ನಂಬುವುದಿಲ್ಲ, ಅವನು ಹೇಗೆ ನಂಬುತ್ತಾನೆ? ನಾನು ಇಳಿದು ಹೋಗುವಷ್ಟರಲ್ಲಿ ಅವನು ಮೇಲಿನ ಸಾಲಿನ ಡಬ್ಬಿಗಳನ್ನೆಲ್ಲ ಒಳಗೆ ಸಾಗಿಸುತ್ತಿದ್ದ. ಆ ಮಧ್ಯಾಹ್ನ ಮೂರನ್ನೂ ಟೆಂಪೊದ ಹಿಂದೆ ಕೂತು ಸೇದಿ ನೋಡಿದೆ. ಚುರುಟಿಗೆ ಬಿಕ್ಕಳಿಕೆ ಬಂತು. ವೆನಿಲಾದ್ದಕ್ಕೆ ಹುಟ್ಟುಹಬ್ಬದ ಕೇಕಿಗೆ ಬೆಂಕಿ ಬಿದ್ದ ನೆನಪಾಯಿತು. ಪರದೇಶದ್ದು ಹೊಟ್ಟೆ ತೊಳಸಿತು. ಕೆಮ್ಮು, ಊಹೂಂ.

ಮನೆಗೆ ಬಂದಾಗ ಸುನೀತಾ ಬಾಗಿಲಲ್ಲೇ ನಿಲ್ಲಿಸಿದಳು. ತಂಬಾಕಿನ ವಾಸನೆ ಅವಳಿಗೆ ಹೊಸದಲ್ಲ, ಹೊಗೆಯ ವಾಸನೆ ಹೊಸದು.

"ಏನ್ರಿ, ಮಂದಿ ತಂಬಾಕದ ನೌಕ್ರಿ ಬಿಡುಮುಂದ ಚಟಾ ಬಿಡ್ತಾರ. ನೀವು ಹಿಡೀಲತ್ತೀರಿ?"

ಎಲ್ಲವನ್ನೂ ಹೇಳಿಕೊಂಡೆ. ಅವಳು ಸ್ವಲ್ಪ ಹೊತ್ತು ಕೇಳಿ, ಇಷ್ಟು ವರ್ಷ ಆ ಗೋದಾಮಿನ ಧೂಳನ್ನೇ ಕುಡಿದವರಿಗೆ ಈ ಹೊಗೆ ಯಾವ ಲೆಕ್ಕ, ಇದ್ದದ್ದನ್ನು ಸೇಠರಿಗೆ ಹಾಗೇ ಹೇಳಿ ಎಂದಳು. ಮಾತು ಸರಿಯಾಗಿಯೇ ಇತ್ತು. ಆದರೆ ಕಳ್ಳನಾದವನೂ ಇದನ್ನೇ ಹೇಳುತ್ತಾನಲ್ಲ? ಸತ್ಯ ಹೇಳಿ ಸಿಕ್ಕಿಬೀಳುವುದಕ್ಕಿಂತ ಕೆಮ್ಮಿ ಪಾರಾಗುವುದು ವಾಸಿ ಎಂದು ತೀರ್ಮಾನಿಸಿ ಕೆಮ್ಮಿನ ತಾಲೀಮು ಶುರು ಮಾಡಿದೆ.

ಕೆಮ್ಮು ಸುಲಭದ ವಿದ್ಯೆಯೆಂದು ತಿಳಿದವರು ಒಮ್ಮೆ ಬೇಕೆಂದೇ ಕೆಮ್ಮಿ ನೋಡಬೇಕು. ಭಾಷಣಕ್ಕೆ ನಿಂತವರು ಕೆಮ್ಮುವುದು ಮರೆತ ಮಾತು ನೆನಪಾಗಲೆಂದು. ಅದು ನನಗೆ ಉಪಯೋಗವಿಲ್ಲ. ನಮ್ಮ ಲೆಕ್ಕದ ಮಾಸ್ತರರ ಕೆಮ್ಮು ಹೊರಗಿನಿಂದಲೇ ಹುಡುಗರನ್ನು ಹೆದರಿಸಲು. ಕಡೆಗೆ ನನ್ನ ಮಾವನವರ ಕೆಮ್ಮನ್ನು ಆರಿಸಿಕೊಂಡೆ. ಅವರು ಭಾಲ್ಕಿಯಲ್ಲಿ ಓಣಿಯ ತುದಿಯಿಂದ ಸಣ್ಣದಾಗಿ ಆರಂಭಿಸಿ, ಮನೆಯ ಕಟ್ಟೆಗೆ ಬರುವಾಗ ಏರಿಸಿ, ಹೊಸ್ತಿಲಲ್ಲಿ ಒಂದು ದೊಡ್ಡದನ್ನು ಕೆಮ್ಮಿ ಒಳಗೆ ಬರುತ್ತಿದ್ದರು. ಅಷ್ಟರಲ್ಲಿ ಒಳಗೆ ಚಹಾದ ನೀರು ಇಟ್ಟಾಗಿರುತ್ತಿತ್ತು. ನಾನು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅದನ್ನೇ ಅಭ್ಯಾಸ ಮಾಡಿದೆ. ಪಕ್ಕದ ಮನೆಯವರು ಡಾಕ್ಟರಿಗೆ ತೋರಿಸಿ ಎಂದು ಸುನೀತಾಗೆ ಹೇಳಿದರು. ಮಗಳು ತನ್ನ ಚಿತ್ರಕ್ಕೆ ಸಿಕ್ಕ ಬಹುಮಾನದ ಬಗ್ಗೆ ಪಶ್ಚಾತ್ತಾಪಪಟ್ಟವಳಂತೆ ನನಗೆ ಬಿಸಿನೀರು ತಂದುಕೊಟ್ಟಳು.

ಕೊನೆಯ ದಿನ ಬಂತು. ಚಹಾ ಆಯಿತು. ಸೇಠರು ಗಾಜಿನ ಕಪಾಟು ತೆಗೆದು ಒಂದು ಸಿಗಾರು ಕೊಟ್ಟು ಕಡ್ಡಿ ಗೀರಿದರು. ಅಂಗಡಿಯವರೆಲ್ಲ ಸುತ್ತ ನಿಂತಿದ್ದರು. ನಾನು ಒಂದು ದಮ್ಮು ಎಳೆದು, ಓಣಿಯ ತುದಿಯಿಂದ ಆರಂಭಿಸಿ, ಕಟ್ಟೆ ಹತ್ತಿ, ಹೊಸ್ತಿಲಲ್ಲಿ ಎಂಥ ಕೆಮ್ಮು ಕೆಮ್ಮಿದೆನೆಂದರೆ ಮಾವನವರು ಇದ್ದಿದ್ದರೆ ಅಳಿಯನನ್ನು ಅಪ್ಪಿಕೊಳ್ಳುತ್ತಿದ್ದರು. ಎಲ್ಲರೂ ನಕ್ಕರು. ಸೇಠರೂ ನಕ್ಕು ಬೆನ್ನು ತಟ್ಟಿದರು. ಗೆದ್ದೆ ಎಂದುಕೊಂಡೆ. ಜನ ಚದುರಿದ ಮೇಲೆ ಸೇಠರು ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ನಗು ಅವರ ಮುಖದಲ್ಲಿ ಇರಲಿಲ್ಲ.

"ಏನು ಮಿಯಾ, ಈ ಖಾಂಸಿ, ಈ ಕೆಮ್ಮು ಎಲ್ಲಿಂದ ತಂದಿ?"

ಆಗ ಅವರು, ತಮ್ಮ ಅಬ್ಬಾನ ಕಾಲದಿಂದ ಬಂದ ರಿವಾಜಿನ ಒಳಗುಟ್ಟನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದರು.

"ನನ್ನ ಗೋದಾಮಿನಾಗ ದುಡದ ಮನಷ್ಯಾಗ ಖಾಂಸಿ ಬರಂಗಿಲ್ಲ. ವರ್ಷಾನುಗಟ್ಲೆ ಧೂಳ ಕುಡದ ಎದಿ, ಹೊಗಿಗಿ ಅಂಜ್ತದೇನು? ಖಾಂಸಿ ಯಾರು ಮಾಡ್ತಾರ ಹೇಳ್ಲಾ? ನಾ ಮುಟ್ಟೇ ಇಲ್ಲ ಅಂತ ತೋರಸ್ಬೇಕಾದವ್ರು ಮಾಡ್ತಾರ."

ನನ್ನ ಕಣ್ಣ ಮುಂದೆ ಶಂಕರ ಹೋದ ಮರುದಿನ ಬಂದ ಹೊಸ ಬೀಗ ಬಂತು. ಮಾಧವನ ಮಗಳ ಮದುವೆ ಬಂತು. ಕಂಡದ್ದೆಲ್ಲ ಸರಿಯಾಗಿಯೇ ಕಂಡಿದ್ದೆ, ಓದಿದ್ದು ಮಾತ್ರ ತಲೆಕೆಳಗಾಗಿ. ಕುಂಬಳಕಾಯಿ ಕಳ್ಳ ಎಂದರೆ ಕಳ್ಳನಾದವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ನಾನು ಕುಂಬಳಕಾಯಿಯನ್ನೇ ಮುಟ್ಟದೆ, ಯಾರೂ ಏನೂ ಅನ್ನುವ ಮೊದಲೇ, ಹೆಗಲು ಒರೆಸಿಕೊಂಡು ನಿಂತಿದ್ದೆ. ಇಷ್ಟು ವರ್ಷದ ನಿಯತ್ತನ್ನು ಒಂದು ಕೆಮ್ಮಿನಲ್ಲಿ ಕಳೆದುಕೊಂಡೆನಲ್ಲ ಎಂದು ನಾಚಿಕೆಯೂ ದುಃಖವೂ ಒಟ್ಟಿಗೆ ಆದವು. ಔರಾದದ ಚುಟ್ಟಾದಿಂದ ಬಚ್ಚಲಿನ ತಾಲೀಮಿನವರೆಗೆ ಎಲ್ಲವನ್ನೂ ಒದರಿಬಿಟ್ಟೆ. ಹೇಳುತ್ತಿರುವಾಗಲೇ, ಇಂಥ ಕಥೆಯನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ನಾನು ಒಂದಕ್ಷರವನ್ನೂ ನಂಬುತ್ತಿರಲಿಲ್ಲ ಅನ್ನಿಸುತ್ತಿತ್ತು.

ಸೇಠರು ಕೇಳಿ ಮುಗಿಸಿ ಗಡ್ಡ ಸವರಿಕೊಂಡರು. ಭಾಲ್ಕಿಯ ಗುಂಡಪ್ಪ ಆಗಲೇ ಅವರಿಗೆ ಫೋನ್ ಮಾಡಿದ್ದನಂತೆ. ತಪಾಸಣೆಗೆ ಜನ ಕಳಿಸುವುದಾದರೆ ಮೊದಲು ಹೇಳಬೇಕು, ನಿಮ್ಮ ಮನುಷ್ಯ ಅಂಗಡಿ ದರ ಕೊಟ್ಟು ಮೂರು ಸಿಗಾರು ಒಯ್ದಿದ್ದಾನೆ ಎಂದು ದೂರಿದ್ದನಂತೆ.

"ಕೀಲಿ ನಿನ್ನ ಸೊಂಟದಾಗ, ಕಪಾಟ ನಿನ್ನ ಕಣ್ಣ ಮುಂದ. ಹಂತಾದ್ರಾಗ ಭಾಲ್ಕಿಗಿ ಹೋಗಿ, ಕೈಯಾಗಿನ ರೊಕ್ಕ ಕೊಟ್ಟು ಸೇದ್ದಿ. ಇಂಥಾ ಕಳ್ಳಗ ನಾ ಏನ್ ಅನ್ಲೋ?"

ನನಗೆ ಏನೋ ಹೇಳಬೇಕೆನ್ನಿಸಿತು. ಬಾಯಿ ತೆರೆದರೆ ಮಾತಿನ ಬದಲು ಕೆಮ್ಮು ಬಂತು. ಯಾವ ತಾಲೀಮೂ ಇಲ್ಲದ, ರಾಗವೂ ಇಲ್ಲದ ಒಂದು ಬಡ ಕೆಮ್ಮು. ಸೇಠರು ನೀರು ಕೊಟ್ಟು, ನನ್ನೆದುರೇ ಪಾಟೀಲರಿಗೆ ಫೋನ್ ಹಚ್ಚಿದರು. "ಮನಷ್ಯಾ ಸಾಫ್ ಇದ್ದಾನ್ರಿ ಪಾಟೀಲ್ ಸಾಬ್, ಕಣ್ಣ ಮುಚ್ಚಿ ಕೀಲಿ ಕೊಡ್ರಿ. ಒಂದೇ ಐಬು ನೋಡ್ರಿ, ಎಲ್ಲಾರ ಮ್ಯಾಲ ಸಂಶಯ ಮಾಡ್ತಾನ. ತನ್ನ ಮ್ಯಾಲ ಜರಾ ಜಾಸ್ತಿ."

ಈಗ ನಾನು ಭಾಲ್ಕಿಯ ಬೇಳೆ ಮಿಲ್ಲಿನಲ್ಲಿದ್ದೇನೆ. ಸೊಂಟದಲ್ಲಿ ಹೊಸ ಕೀಲಿ, ಮೈಯಲ್ಲಿ ತೊಗರಿಯ ವಾಸನೆ. ಸಿಗಾರಿನ ಸಹವಾಸ ಅಲ್ಲಿಗೇ ಮುಗಿಯಿತು. ಬುದ್ಧಿ ಬಂತೆಂದು ಸುನೀತಾ ಹೇಳುತ್ತಾಳೆ, ನಾನೂ ಹೌದೆನ್ನುತ್ತೇನೆ. ಒಂದೇ ಒಂದು ಸಂಗತಿ ಉಳಿದಿದೆ. ಕೆಲಸಕ್ಕೆ ಸೇರಿದ ಮೊದಲ ದಿನ ಪಾಟೀಲರು ಉಗ್ರಾಣ ತೋರಿಸುತ್ತಿದ್ದಾಗ ಬೇಳೆಯ ಹೊಟ್ಟು ಮೂಗಿಗೆ ಹೋಗಿ ನಾನು ಜೋರಾಗಿ ಸೀನಿದೆ. ಪಾಟೀಲರು ನನ್ನ ಮುಖ ನೋಡಿ ನಕ್ಕರು. ಬೆನ್ನನ್ನೂ ತಟ್ಟಿದರು. ಬೇಳೆಯ ಮಿಲ್ಲಿನಲ್ಲಿ ನಿಯತ್ತಿನವನು ಸೀನಬೇಕೋ, ಸೀನಬಾರದೋ? ಇಲ್ಲಿಯ ಹಳೇ ಆಳುಗಳು ಏನು ಮಾಡುತ್ತಾರೆಂದು ಗಮನಿಸುತ್ತಿದ್ದೇನೆ. ಅವರೂ ಈಚೆಗೆ ಯಾಕೋ ನನ್ನನ್ನೇ ನೋಡುತ್ತಿರುತ್ತಾರೆ. ಇರಲಿ ಎಂದು, ಮನೆಯಲ್ಲಿ ಬಚ್ಚಲಿನ ಬಾಗಿಲು ಹಾಕಿಕೊಂಡು ಸೀನುವುದು, ಸೀನದಿರುವುದು, ಎರಡನ್ನೂ ಅಭ್ಯಾಸ ಮಾಡಿಟ್ಟುಕೊಂಡಿದ್ದೇನೆ.